ಏಳನೆಯ ಪಾಠದಲ್ಲಿ ಇಲ್ಲದ ಹಕ್ಕಿ

ಇಸವಿ ೨೧೮೬, ಮುಚ್ಚುಗಾಲದ ಅರವತ್ತೊಂದನೆಯ ದಿನ
ಕೃಷ್ಣಾತೀರ, ಮೂರನೆಯ ತಂಪುಕೋಟೆ

ನೂರಾ ಅರವತ್ತು ವರ್ಷಗಳ ಹಿಂದಿನ ಪರಿಸರ ಶಿಕ್ಷಕರಿಗೆ ನೀಲಗಂಗಾ ಶರಣಪ್ಪ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮಗೆ ತಾರೀಖಿನ ಹಾಗೆ ಕಾಣದಿದ್ದರೆ ಮನ್ನಿಸಿ. ಶಿವರಾತ್ರಿಯಿಂದ ಮೃಗಶಿರಾ ಮಳೆಯವರೆಗೆ ನಾವು ತಿಂಗಳುಗಳ ಹೆಸರು ಹೇಳುವುದಿಲ್ಲ, ದಿನಗಳನ್ನು ಎಣಿಸುತ್ತೇವೆ. ಆ ಅವಧಿಯಲ್ಲಿ ಹೊರಬಾಗಿಲುಗಳಿಗೆ ಮುದ್ರೆ ಬೀಳುವುದರಿಂದ ಅದು ಮುಚ್ಚುಗಾಲ. ತಂಪುಕೋಟೆಯೆಂದರೆ ಒಂದೇ ಸೂರಿನ ಕೆಳಗೆ ಒಂಬತ್ತು ಸಾವಿರ ಜನ ಬಾಳುವ ಊರು. ನಿಮ್ಮ ಕಾಲದಲ್ಲಿ ಇದೇ ನೆಲವನ್ನು ರಾಯಚೂರು ಸೀಮೆ ಎನ್ನುತ್ತಿದ್ದರಂತೆ. ನಮ್ಮ ಜೋಳ ದೀಪದ ಬೆಳಕಿನಲ್ಲಿ, ಸಾಲು ತಟ್ಟೆಗಳಲ್ಲಿ ಬೆಳೆಯುತ್ತದೆ. ರೊಟ್ಟಿ ಬಡಿಯುವ ಸದ್ದು ಮಾತ್ರ ಬದಲಾಗಿಲ್ಲ. ಬೆಳಗಿನ ಎಂಟಕ್ಕೆ ಉದ್ದನೆಯ ಪಡಸಾಲೆಗಳ ತುಂಬ ಅದೇ ಸದ್ದು. ನಮ್ಮ ಮಕ್ಕಳು ಸೂರ್ಯನನ್ನು ಮೂರು ಪದರ ಗಾಜಿನಾಚೆ ಮಸುಕು ಹಳದಿ ಬಣ್ಣವಾಗಿ ಬಲ್ಲರು.

ನಾನು ಆ ಮಕ್ಕಳಿಗೆ ಪರಿಸರ ಕಲಿಸುವವಳು. ಈ ಕೆಲಸದವರೆಲ್ಲ ನಾಲ್ಕು ವರ್ಷಕ್ಕೊಮ್ಮೆ ನಲವತ್ತು ದಿನಗಳ ಮರುಕಲಿಕೆಗೆ ಕೂರಬೇಕು. ನಿಮ್ಮ ವೃತ್ತಿ ತರಬೇತಿಯಂಥದೇ ಅದು. ಮುಗಿದಾಗ ಕೊಡುವ ಪತ್ರವಿಲ್ಲದೆ ತರಗತಿಗೆ ಕಾಲಿಡುವಂತಿಲ್ಲ. ಹನ್ನೊಂದು ವರ್ಷಗಳ ಹಿಂದೆ, ಮೂವತ್ತನಾಲ್ಕರ ಪ್ರಾಯದಲ್ಲಿ, ಅಂಥದೊಂದು ಮರುಕಲಿಕೆಯಲ್ಲಿ ನಡೆದದ್ದನ್ನು ನಿಮಗೆ ಹೇಳಬೇಕಾಗಿದೆ.

ಹನ್ನೆರಡು ಜನ ಶಿಕ್ಷಕರಿದ್ದೆವು. ಕಲಿಸುತ್ತಿದ್ದವರು ರುಕ್ಮೋದ್ದೀನ್ ಮಾಸ್ತರರು, ಎಪ್ಪತ್ತರ ಹತ್ತಿರದವರು. ಏಳನೆಯ ಪಾಠದ ದಿನ ಅವರು ಹಾಳೆಯನ್ನು ಓದಿದರು: 'ಮುಚ್ಚುಗಾಲದಲ್ಲಿ ಹೊರಗೆ ಯಾವ ಜೀವವೂ ಇರುವುದಿಲ್ಲ.' ಓದಿ ಕೆಳಗಿಟ್ಟು, "ಇದನ್ನ ಮಕ್ಕಳಿಗೆ ಎಷ್ಟು ವರ್ಷದಿಂದ ಹೇಳಲಿಕತ್ತೀರಿ?" ಎಂದು ಕೇಳಿದರು.

"ಹನ್ನೆರಡು ವರ್ಷದಿಂದ್ರಿ," ಎಂದೆ.

"ಹೋಗಿ ನೋಡೀಯೇನವ್ವ?"

ನೋಡಿರಲಿಲ್ಲ. ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ನದಿಯಿಂದ ನೀರೆತ್ತುವ ಯಂತ್ರದ ಜಾಲರಿಯನ್ನು ತೊಳೆಯಲು ಮುಚ್ಚುಗಾಲದಲ್ಲೂ ದಿನಾ ನಸುಕಿನಲ್ಲಿ ಒಂದು ಸಣ್ಣ ಬಾಗಿಲನ್ನು ಅರ್ಧ ಗಂಟೆ ತೆರೆಯುತ್ತಾರೆ. ಮರುದಿನ ಮಾಸ್ತರರು ನಮ್ಮನ್ನು ಆ ಬಾಗಿಲಿನಿಂದ ಹೊರಗೆ ಕರೆದೊಯ್ದರು. ಒದ್ದೆ ಬಟ್ಟೆಯನ್ನು ತಲೆಗೆ ಹೇಗೆ ಸುತ್ತಬೇಕು, ಬಾಯಿ ಒಣಗಿ ನಾಲಗೆ ಅಂಟತೊಡಗಿದರೆ ಯಾರಿಗೂ ಕಾಯದೆ ಹೇಗೆ ಹಿಂತಿರುಗಬೇಕು, ಎಲ್ಲವನ್ನೂ ಮೊದಲೇ ಹೇಳಿಕೊಟ್ಟಿದ್ದರು. ನನ್ನ ಕಾಲು ಹೊಸ್ತಿಲ ಮೇಲೆಯೇ ನಿಂತುಬಿಟ್ಟಿತು. ಗೋಡೆಯಿಲ್ಲದ ಕಡೆ ಕಣ್ಣನ್ನು ಎಲ್ಲಿ ನಿಲ್ಲಿಸಬೇಕೋ ತಿಳಿಯದೆ ತಲೆ ತಿರುಗಿತು. ಗಾಳಿಗೆ ಸುಟ್ಟ ಮಣ್ಣಿನ ವಾಸನೆಯಿತ್ತು.

ನದಿಯೆಂದರೆ ಬಂಡೆಗಳ ನಡುವೆ ಒಂದು ಹಸಿರು ನೀರಿನ ಗೆರೆ. ಅದರಿಂದ ಇಪ್ಪತ್ತು ಹೆಜ್ಜೆ ದೂರದ ಹರಳುಕಲ್ಲುಗಳ ನಡುವೆ ಮಾಸ್ತರರು ಬೆರಳು ತೋರಿದರು. ನಾಲ್ಕು ಮೊಟ್ಟೆಗಳು. ಬಣ್ಣ ನೆಲದ್ದೇ ಆದ್ದರಿಂದ ತೋರಿಸಿದ ಮೇಲೂ ಎರಡು ಸಲ ತಪ್ಪಿಹೋದವು. ಅಷ್ಟರಲ್ಲಿ ಹಳದಿ ಕಾಲಿನ, ಕಣ್ಣಿನ ಬಳಿ ಕೆಂಪು ತೊಗಲು ಇಳಿದ ಹಕ್ಕಿಯೊಂದು ನೀರಿಗೆ ಇಳಿಯಿತು. ಹೊಟ್ಟೆಯ ಗರಿಗಳನ್ನು ಚೆನ್ನಾಗಿ ತೋಯಿಸಿಕೊಂಡು ನಡೆದು ಬಂದು ಮೊಟ್ಟೆಗಳ ಮೇಲೆ ಕುಳಿತಿತು. ತುಸು ಹೊತ್ತಿಗೆ ಎದ್ದು ಮತ್ತೆ ನೀರಿಗೆ ಹೋಯಿತು, ಮತ್ತೆ ಬಂತು.

"ಟಿಟ್ಟಿಭ," ಎಂದರು ಮಾಸ್ತರರು. "ಮೊಟ್ಟಿ ಬೇಯಬಾರದು ಅಂತ ನೀರು ಹೊತ್ತು ತರತದ."

ನನ್ನ ಪಕ್ಕದಲ್ಲಿದ್ದ ಶಿಕ್ಷಕಿ ಅಳುತ್ತಿದ್ದಳು. ನಾನು ಅಳಲಿಲ್ಲ. ಹನ್ನೆರಡು ವರ್ಷ ನಾನು ಸುಳ್ಳು ಕಲಿಸಿದ ಮಕ್ಕಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬರುತ್ತಿದ್ದವು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮೇಲಕ್ಕೆ ಮುಟ್ಟಿತ್ತು. ಮರುಕಲಿಕೆಯ ಮೇಲ್ವಿಚಾರಕಿ ಇಂದುಮತಿ ಮೇಡಂ ನಮ್ಮೆಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಹೊರಗೆ ಕಂಡದ್ದನ್ನು ಬರೆದು ಸಹಿ ಮಾಡಲು ಹೇಳಿದರು. ನನ್ನನ್ನು ಮಾತ್ರ ಒಳಗೆ ಕರೆದರು, ಚಿಕ್ಕಂದಿನಿಂದ ಬಲ್ಲವರಾದ್ದರಿಂದ.

"ನನ್ನ ತಂಗಿಗೆ ಒಂಬತ್ತು ವರ್ಷ ಆಗಿತ್ತು ನೀಲಗಂಗಾ," ಎಂದರು. "ಹೊರಗ ನವಿಲು ಅದ ಅಂತ ಅವರ ಟೀಚರ್ ಹೇಳಿದ್ರು. ಐದು ಕೂಸುಗಳು ಕೂಡಿ ಜಾಲರಿ ಬಾಗಿಲಿಂದ ನೋಡಾಕ ಹೋದ್ವು. ಒಂದೂ ತಿರುಗಿ ಬರಲಿಲ್ಲ."

"ನಾನು ಕಣ್ಣಾರೆ ಕಂಡೀನ್ರಿ, ಮೇಡಂ."

"ಕಂಡಿದ್ದು ಖರೇನ ಇರಬಹುದು. ನೀ ಅದನ್ನ ಹೇಳಿದ್ರ ಕೂಸುಗಳು ಬಾಗಿಲ ಕಡೆ ನಡೀತಾವ. ಆಗ ಅವುಗಳ ಹೆಣ ಎತ್ತಾಕ ನೀ ಬರ್ತೀ ಏನು?"

ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಹಾಳೆಯ ಮೇಲೆ 'ಏನೂ ಕಾಣಲಿಲ್ಲ' ಎಂದು ಬರೆದು ಸಹಿ ಮಾಡಿದೆ. ಹನ್ನೆರಡು ಜನರೂ ಅದನ್ನೇ ಬರೆದಿದ್ದೆವೆಂದು ಆಮೇಲೆ ತಿಳಿಯಿತು. ಮಾಸ್ತರರು ಮಾತ್ರ ಮೊಟ್ಟೆಗಳ ಲೆಕ್ಕ, ಹಕ್ಕಿ ನೀರಿಗೆ ಹೋಗಿಬಂದ ಸಲಗಳು, ಹೊತ್ತು, ಎಲ್ಲ ಬರೆದಿದ್ದರು. ಅವರ ಪತ್ರವನ್ನು ಕಿತ್ತುಕೊಂಡು ಜೋಳದ ತಟ್ಟೆ ತೊಳೆಯುವ ಕೆಲಸಕ್ಕೆ ಹಾಕಿದರು. ಅವರ ಜಾಗಕ್ಕೆ ಮರುಕಲಿಕೆ ನಡೆಸಲು ನನ್ನನ್ನು ನೇಮಿಸಿದರು.

ಒಂದು ಸಲ ಮಾಸ್ತರರು ತಟ್ಟೆಗಳ ಸಾಲಿನಲ್ಲಿ ಎದುರಾದರು. ನಾನು ತಲೆ ತಗ್ಗಿಸಿದೆ.

"ನಿನ್ನ ಮ್ಯಾಲ ಸಿಟ್ಟಿಲ್ಲವ್ವ," ಎಂದರು. "ಆದ್ರ ಒಂದು ಮಾತು. ಇಂದುಮತಿ ತಂಗಿ ಸುದ್ದಿ ಊರಿಗೆಲ್ಲ ಗೊತ್ತದ. ಹೊರಗ ನವಿಲು ಅದ ಅಂತ ಗೊತ್ತಾಗಿದ್ದಕ್ಕ ಆ ಐದು ಕೂಸುಗಳು ಸಾಯಲಿಲ್ಲ. ಯಾವ ಹೊತ್ತಿಗೆ ಹೋಗಬೇಕು, ಯಾವಾಗ ತಿರುಗಬೇಕು ಅಂತ ಯಾರೂ ಕಲಿಸಿರಲಿಲ್ಲ, ಅದಕ್ಕ ಸತ್ವು. ಅದನ್ನ ಕಲಿಸೂದು ನಮ್ಮ ಕೆಲಸ ಇತ್ತು."

ಇಂದುಮತಿ ಮೇಡಂ ಮುಂದೆ ನಾನು ಹೇಳಬೇಕಾಗಿದ್ದ ಉತ್ತರ ಅದೇ. ತಡವಾಗಿ ಸಿಕ್ಕಿತು, ಸಿಕ್ಕ ಮೇಲೂ ನಾನು ಬಾಯಿ ಬಿಡಲಿಲ್ಲ. ಎರಡು ವರ್ಷಕ್ಕೆ ಮಾಸ್ತರರು ತೀರಿಕೊಂಡರು. ನಾನು ಅವರ ಮೇಜಿನ ಹಿಂದೆ ನಿಂತು, ತಂಡದ ಮೇಲೆ ತಂಡಕ್ಕೆ ಏಳನೆಯ ಪಾಠ ಓದುತ್ತಾ ಬಂದೆ. ಕೋಟೆಯ ಗೋಡೆ ಒಂದೂವರೆ ಗಜ ದಪ್ಪವಿದೆ. ಅದಕ್ಕೆ ಹುಟ್ಟಿನಿಂದ ಒಗ್ಗಿದವಳು ನಾನು. ಆ ಒಂದು ಸಾಲಿಗೆ ಮಾತ್ರ ಒಗ್ಗಲಿಲ್ಲ.

ಇವತ್ತು ಸಾಬವ್ವ ಎಂಬ ಹೊಸ ಶಿಕ್ಷಕಿ ಕೈಯೆತ್ತಿದಳು. "ಮೇಡಂ, ನೀವು ಎಂದಾದ್ರೂ ಹೊರಗ ಹೋಗಿ ನೋಡೀರೇನು?"

ಇಪ್ಪತ್ತೆರಡು ಜನ ನನ್ನ ಮುಖ ನೋಡುತ್ತಿದ್ದರು. ಇಲ್ಲ ಎನ್ನಲು ಬಾಯಿ ತೆರೆದೆ. "ನೋಡೀನವ್ವ," ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ: ಮೊಟ್ಟೆ, ತೊಯ್ದ ಗರಿ, ತಲೆಗೆ ಸುತ್ತುವ ಬಟ್ಟೆ, ಹಿಂತಿರುಗಬೇಕಾದ ಹೊತ್ತು. ಸಾಬವ್ವ ಒಂದಕ್ಷರ ಬಿಡದೆ ಬರೆದುಕೊಂಡಳು. ಸಂಜೆ ಟಿಪ್ಪಣಿ ಪುಸ್ತಕಗಳು ನನ್ನ ಮೇಜಿಗೆ ಬಂದವು. ಆ ಹಾಳೆ ಹರಿಯಲು ನನಗೆ ಒಂದು ಗಂಟೆಯ ಅವಕಾಶವಿತ್ತು. ಹರಿಯಲಿಲ್ಲ. ಪುಸ್ತಕಗಳು ಮೇಲೆ ಹೋಗಿವೆ. ಇಂದುಮತಿ ಮೇಡಂ ಅವನ್ನು ನಾಳೆ ಹತ್ತಕ್ಕೆ ತೆರೆಯುತ್ತಾರೆ. ಕಲಿಸಲು ನನಗಿರುವ ಪತ್ರವನ್ನು ಕಿತ್ತುಕೊಳ್ಳುವುದು ಖಂಡಿತ. ಸಾಬವ್ವನದು ಉಳಿಯುವುದೋ ಇಲ್ಲವೋ ತಿಳಿಯದು. ಅವಳನ್ನು ಕೇಳದೆ ಅವಳ ಬದುಕನ್ನೂ ಪಣಕ್ಕಿಟ್ಟೆನಲ್ಲ ಎಂಬ ಸಂಕಟ ಒಂದು ಕಡೆ. ಇನ್ನೊಂದು ಕಡೆ, ಈ ಕೋಟೆಯಲ್ಲಿ ಯಾವ ತಪ್ಪು ಮಾಡಿದರೂ ಮುಚ್ಚುಗಾಲದಲ್ಲಿ ಹೋಗಿ ಕೂರಲು ಬೇರೆ ಊರಿಲ್ಲ. ನಾಳೆಯೂ ನಾಡಿದ್ದೂ ಇದೇ ಪಡಸಾಲೆ, ಇವೇ ಮುಖಗಳು.

ನನಗಿಂತ ನೂರಾ ಅರವತ್ತು ವರ್ಷ ಮೊದಲು ತರಬೇತಿಯ ಕುರ್ಚಿಗಳಲ್ಲಿ ಕುಳಿತವರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಫ್ಯಾನಿನ ಕೆಳಗೆ, ಪರದೆಯ ಮೇಲಿನ ಚಿತ್ರ ನೋಡುತ್ತಾ, ಸಹಿ ಮಾಡಿ ಮನೆಗೆ ಹೋಗುವ ಗಳಿಗೆಗೆ ಕಾಯುತ್ತಿರುತ್ತೀರಿ. ನಿಮ್ಮ ಕೋಣೆಯ ಬಾಗಿಲಿಗೆ ಮುದ್ರೆಯಿಲ್ಲ. ಎದ್ದು ನಿಂತು, ಹೊರಗೆ ಹೋಗಿ ಕಲಿಯೋಣ ಎನ್ನಿ. ಬೇಡವೆಂದರೆ ಕಾರಣ ಕೇಳಿ. ಕಾರಣ ಸಾಚಾ ಆಗಿದ್ದರೂ ಅಲ್ಲಿಗೇ ಸುಮ್ಮನಾಗಬೇಡಿ; ಅಪಾಯವಿದ್ದ ಕಡೆ ಹೇಗೆ ನಡೆಯಬೇಕೆಂದು ಮೊದಲು ನೀವು ಕಲಿತು, ಆಮೇಲೆ ಮಕ್ಕಳ ಕೈ ಹಿಡಿದು ಕಲಿಸಿ. ನೀವು ಕಲಿಸದೆ ಬಿಟ್ಟದ್ದು ನಮ್ಮಲ್ಲಿಗೆ ಬರುವಾಗ ಗೋಡೆಯಾಗಿ ಬಂದಿದೆ.

ಅಪ್ಪಣೆ ಕೊಡಿ. ಬಟ್ಟೆ ತೋಯಿಸಿಟ್ಟಿದ್ದೇನೆ. ನಾಳೆ ನಸುಕಿಗೆ ಜಾಲರಿ ತೊಳೆಯುವವರ ಹಿಂದೆ ನಿಲ್ಲುತ್ತೇನೆ. ಅವರು ಬಿಟ್ಟರೆ, ಹತ್ತು ಗಂಟೆಗೆ ಮೊದಲು ಆ ಹರಳುಕಲ್ಲುಗಳ ಬಳಿ ನನಗೆ ಅರ್ಧ ಗಂಟೆ ಸಿಗುತ್ತದೆ.