ಒಂಬತ್ತು ಗಂಟೆಯ ದಿಕ್ಕಿನ ಕರಡಿ

ಹೀಲಿ, ಅಲಾಸ್ಕಾ
ಆಗಸ್ಟ್ 29, ಶುಕ್ರವಾರ

ಪ್ರೀತಿಯ ಮಗಳು ನಾದೀನ್‌ಗೆ,

ಹೇಗಿದ್ದೀಯಮ್ಮಾ? ಸೊಂಟನೋವು ಇಳಿಯಿತೆ? ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸವನ್ನು ಇನ್ನಾದರೂ ಚಿಕ್ಕವರಿಗೆ ಬಿಡು ಎಂದಿದ್ದೆ, ಕೇಳುವವಳಲ್ಲ ನೀನು, ಥೇಟ್ ನಿನ್ನ ಅಮ್ಮ. ಅಳಿಯಂದಿರ ಮಂಡಿ ಹೇಗಿದೆ? ನನ್ನ ಹಿತ್ತಿಲಿನ ಟೊಮೆಟೊ ಗಿಡಗಳಿಗೆ ಸಂಜೆ ಹಳೆಯ ಚಾದರ ಹೊದಿಸಲು ಅವರಿಗೆ ನೆನಪಿಸು. ನಮ್ಮ ಶಾವಿನಿಗನ್‌ನ ಚಳಿಯನ್ನು ನಂಬುವ ಹಾಗಿಲ್ಲ. ನಾನು ಚೆನ್ನಾಗಿದ್ದೇನೆ. ಅಂದರೆ ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ, ಸಿಟ್ಟು ಮಾತ್ರ ಇಳಿಯುತ್ತಿಲ್ಲ. ಫೋನ್ ಮಾಡಬಾರದೆ ಎಂದು ನೀನು ಗೊಣಗುತ್ತೀಯ, ಗೊತ್ತು. ಇಲ್ಲಿಯ ಅಗ್ಗದ ಹೋಟೆಲಿನ ಗೋಡೆ ರಟ್ಟಿನಷ್ಟು ತೆಳು, ನಿನ್ನ ದೊಡ್ಡಮ್ಮನ ಕಿವಿಯೋ ಈಗ ಬಹಳ ಚುರುಕು. ಅದಕ್ಕೇ ಬಟ್ಟೆ ಒಗೆಯುವ ಯಂತ್ರಗಳ ಕೋಣೆಯಲ್ಲಿ ಕೂತು ಕಾಗದ ಬರೆಯುತ್ತಿದ್ದೇನೆ. ನಾವು ದೋಣಿ, ಬಸ್ಸು, ರೈಲು ಎಂದು ಸುತ್ತಿ ಬಳಸಿ ಊರು ಸೇರುವ ಹೊತ್ತಿಗೆ ಇದು ನಿನ್ನ ಕೈ ಸೇರಿ ಹಳತಾಗಿರುತ್ತದೆ. ವಿಮಾನದ ದರ ನೋಡಿದೆ. ಆ ಮಾತು ಬೇಡ.

ಹೊರಡುವ ದಿನ ನೀನು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು ಮರೆತಿಲ್ಲ. "ಅಪ್ಪಾ, ದೊಡ್ಡಮ್ಮನ ಕಣ್ಣಿನ ಮೇಲೆ ನಂಗೆ ಅನುಮಾನ. ಕೇಳಿದ್ರೆ ಹಾರಿಸಿಬಿಡ್ತಾರೆ. ಇಷ್ಟು ದಿನ ಜೊತೇಲಿರ್ತೀಯಲ್ಲ, ನೋಡಿ ಬರಿ. ಒಬ್ಬರೇ ಇರೋಕಾಗುತ್ತೋ ಇಲ್ವೋ ಅಷ್ಟು ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದೆ. ವೃದ್ಧರ ನಿಲಯದವರು ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ಕೋಣೆ ಹಿಡಿದಿಡುತ್ತಾರಂತೆ, ದೊಡ್ಡಮ್ಮನಿಗೆ ಮಕ್ಕಳಿಲ್ಲ, ಸಹಿ ಹಾಕಬೇಕಾದವಳು ನೀನು. ಅಂದರೆ ಅವರ ಮನೆ ಉಳಿಯುವುದೋ ಹೋಗುವುದೋ ನಾನು ಬರೆಯುವುದರ ಮೇಲೆ ನಿಂತಿದೆ. ರಜೆಗೆ ಹೊರಟ ಮುದುಕನ ಜೇಬಿಗೆ ಇಂಥದ್ದೊಂದು ಕಲ್ಲು ತುರುಕಿ, ಕೈ ಬೀಸಿ ಹೊರಟುಹೋದೆ. ಇರಲಿ, ಹೇಳುತ್ತೇನೆ. ಆದರೆ ಮೊದಲು ನನ್ನ ಗೋಳನ್ನು ಕೇಳು.

ಹಡಗಿನ ವಾರ ಸುಖವಾಗಿಯೇ ಇತ್ತು. ಕಿಟಕಿಯಿಲ್ಲದ ಕೋಣೆಗಳು, ಬೆಳಗಾಯಿತೋ ಇಲ್ಲವೋ ತಿಳಿಯುತ್ತಿರಲಿಲ್ಲ, ಆದರೂ ಹೊಟ್ಟೆಗೆ ಕೊರತೆಯಿರಲಿಲ್ಲ. ಕೊರತೆಯೆಲ್ಲ ಹಡಗಿನಿಂದ ಕಾಲು ಕೆಳಗಿಟ್ಟಾಗ. ಪ್ರತಿ ಬಂದರಿನಲ್ಲೂ ಹಡಗಿನವರೇ ಮಾರುವ ವಿಹಾರಗಳು: ಹೆಲಿಕಾಪ್ಟರಿನಲ್ಲಿ ಹಿಮನದಿ, ಸಣ್ಣ ವಿಮಾನದಲ್ಲಿ ಕರಡಿ, ದೋಣಿಯಲ್ಲಿ ತಿಮಿಂಗಿಲ. ಅವುಗಳ ಬೆಲೆಗೆ ನಾವು ನಿಮ್ಮ ಮದುವೆಯ ಊಟ ಹಾಕಿಸಿದ್ದೆವು. ಆದ್ದರಿಂದ ನಾವಿಬ್ಬರೂ ನಡೆದೆವು. ಸಾಲ್ಮನ್ ಮೀನು ಹತ್ತುವ ತೊರೆಯನ್ನು ಪುಕ್ಕಟೆ ನೋಡಿದೆವು. ಮೀನಿನ ಸದ್ದು ಎಷ್ಟು ಜೋರು ಎಂದು ದೊಡ್ಡಮ್ಮ ಕಟಕಟೆ ಹಿಡಿದು ಬಹಳ ಹೊತ್ತು ನಿಂತರು. ಹಡಗಿನ ಕೊನೆಯ ನಿಲ್ದಾಣದಿಂದ ಮುಂದಿನ ಪ್ರಯಾಣವನ್ನು ಅರ್ಧ ಖರ್ಚಿನಲ್ಲಿ ನಾನೇ ಹೊಂದಿಸುತ್ತೇನೆ ಎಂದು ಚಳಿಗಾಲವೆಲ್ಲ ಕೂತು ಕೆಲಸ ಮಾಡಿದ್ದೆನಲ್ಲ, ಅದರ ಫಲ ಕೇಳು. ಹಡಗಿನವರ ಪುಸ್ತಿಕೆಯಲ್ಲಿ ಪ್ರಯಾಣ ಮುಗಿಯುವ ಊರು ಆಂಕರೇಜ್ ಎಂದು ದಪ್ಪ ಅಕ್ಷರದಲ್ಲಿತ್ತು. ಆಂಕರೇಜ್‌ನಲ್ಲಿ ಬಂದರಿಗೆ ನಡೆದು ಹೋಗುವಷ್ಟು ಹತ್ತಿರದ ಕೋಣೆಯನ್ನೇ ಹುಡುಕಿ, ಹತ್ತಿರವೆಂಬುದಕ್ಕೆ ನಾಲ್ಕು ಕಾಸು ಹೆಚ್ಚೇ ಕೊಟ್ಟು ಹಿಡಿದೆ. ಹಡಗು ನಿಂತದ್ದು ವಿಟಿಯರ್‌ನಲ್ಲಿ! ಆ ಹೆಸರು ದಪ್ಪ ಅಕ್ಷರದ ಕೆಳಗೆ ಇರುವೆಯ ಕಾಲಿನಷ್ಟು ಸಣ್ಣಗಿತ್ತಂತೆ. ಆಂಕರೇಜ್ ಇನ್ನೂ ನೂರು ಕಿಲೋಮೀಟರ್ ದೂರ, ನಡುವೆ ಒಂದು ಇಡೀ ಬೆಟ್ಟ.

ಆ ಬೆಟ್ಟಕ್ಕೆ ಒಂದೇ ಸುರಂಗ. ಅದರೊಳಗೆ ಒಂದೇ ಸಾಲು. ಕಾರೂ ಅದರಲ್ಲೇ, ರೈಲೂ ಅದರಲ್ಲೇ. ಸ್ವಲ್ಪ ಹೊತ್ತು ಆ ಕಡೆಯವರನ್ನು ಬಿಡುತ್ತಾರೆ, ಸ್ವಲ್ಪ ಹೊತ್ತು ಈ ಕಡೆಯವರನ್ನು. ಹಡಗಿನಲ್ಲೇ ಬಸ್ಸಿನ ಟಿಕೆಟ್ ಕೊಂಡಿದ್ದ ಬುದ್ಧಿವಂತರು ಕೈ ಬೀಸುತ್ತ ಹೋದರು. ನಾನು ಕಾಲೇಜಿನಲ್ಲಿ ಕಲಿತ ಇಂಗ್ಲಿಷನ್ನು ತಲೆಯ ಅಟ್ಟದಿಂದ ಇಳಿಸಿ ವ್ಯಾನಿನವನೊಬ್ಬನ ಜೊತೆ ಚೌಕಾಸಿ ಮಾಡುವಷ್ಟರಲ್ಲಿ ಸುರಂಗದ ಬಾಗಿಲು ನಮ್ಮ ಮೂಗಿನ ಮುಂದೆಯೇ ಮುಚ್ಚಿತು. ನಮ್ಮ ಕಾಲೇಜಿನ ಪಾದ್ರಿಗಳು ಇಂಗ್ಲಿಷಿನಲ್ಲಿ ಕಾಗದ ಕಾರ್ಖಾನೆಯ ಮ್ಯಾನೇಜರಿಗೆ ಅರ್ಜಿ ಬರೆಯಲು ಕಲಿಸಿದ್ದರು, ವ್ಯಾನಿನವನನ್ನು ಬೈಯಲು ಕಲಿಸಿರಲಿಲ್ಲ. ಮಳೆಯಲ್ಲಿ ಕಾದೆವು. ಕೊನೆಗೆ ದೊಡ್ಡಮ್ಮ, "ಗೇತಾನ್, ಬೆಟ್ಟದ ಆ ಕಡೆ ಬಂದರು ಹುಡುಕಿದೋನು ಕೆಬೆಕ್‌ನಲ್ಲಿ ನೀನೊಬ್ಬನೇ ಕಣೋ" ಎಂದರು. ಸುರಂಗದೊಳಗೆ ಹೋಗುತ್ತಲೇ ನನ್ನ ತೋಳನ್ನು ಹಿಡಿದುಕೊಂಡರು. ಕತ್ತಲಲ್ಲವೆ, ಹಿಡಿಯಲಿ ಎಂದುಕೊಂಡೆ. ಆ ಕಡೆ ಬೆಳಕಿಗೆ ಬಂದು ಬಹಳ ಹೊತ್ತಾದರೂ ಬಿಡಲಿಲ್ಲ.

ಇಲ್ಲಿಂದ ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಎಂಥ ಹೆಡ್ಡ ಎಂದರೆ, ಹಡಗಿನಲ್ಲಿ ಇಡೀ ವಾರ ಏನನ್ನೂ ಗಮನಿಸಲಿಲ್ಲ. ಊಟಕ್ಕೆ ಕೂತಾಗಲೆಲ್ಲ "ನೀನೇ ಓದಪ್ಪಾ, ನಿಂಗೆ ಇಂಗ್ಲಿಷ್ ಬರುತ್ತೆ" ಎಂದು ತಿಂಡಿಗಳ ಪಟ್ಟಿಯನ್ನು ನನ್ನ ಮುಂದೆ ತಳ್ಳುತ್ತಿದ್ದರು. ಬಾಗಿಲ ಮೇಲಿನ ಬೋರ್ಡು, ನಾಳೆ ಎಲ್ಲಿ ನಿಲ್ಲುತ್ತೇವೆ ಎಂಬ ಸೂಚನೆ, ಎಲ್ಲವನ್ನೂ ನಾನೇ ಓದಿ ಹೇಳಬೇಕು. ನನಗೋ ಹಿಗ್ಗು. ನಿನ್ನ ಅಮ್ಮ ಇದ್ದಾಗ ನನ್ನ ಇಂಗ್ಲಿಷನ್ನು ಕೇಳಿ ನಗುತ್ತಿದ್ದಳು, ಇವರಾದರೂ ಬೆಲೆ ಕೊಡುತ್ತಾರಲ್ಲ ಎಂದು ಎದೆ ಉಬ್ಬಿಸಿಕೊಂಡು ಓದಿದೆ. ತಿಮಿಂಗಿಲ ಎದ್ದಾಗ ಎಲ್ಲರೂ ಎಡಕ್ಕೆ ಓಡಿದರೆ ಇವರು ಇದ್ದಲ್ಲೇ ನಿಂತು "ಅಬ್ಬಬ್ಬಾ, ಎಷ್ಟು ದೊಡ್ಡದು!" ಎಂದರು. ಬಲಗಡೆ ಇನ್ನೊಂದು ಎದ್ದಿರಬೇಕು ಎಂದು ನಾನು ಆ ಕಡೆಗೂ ಓಡಿದೆ. ಆಂಕರೇಜ್‌ನ ಹೋಟೆಲೊಂದರಲ್ಲಿ ದೊಡ್ಡಮ್ಮ ಮೀನಿನ ಬೆಲೆಯೆಂದುಕೊಂಡು ಪಟ್ಟಿಯ ಮೇಲೆ ಬೆರಳಿಟ್ಟು "ಇದೆಷ್ಟು ಓದು" ಎಂದಾಗ ನನ್ನ ಕೈಯ ಫೋರ್ಕು ನಿಂತಿತು. ಅಂಕಿಗೆ ಇಂಗ್ಲಿಷ್ ಏಕೆ ಬೇಕು ನಾದೀನ್? ಅಂಕಿ ಶಾವಿನಿಗನ್‌ನಲ್ಲೂ ಅದೇ, ಇಲ್ಲೂ ಅದೇ. ಬೆರಳು ಇದ್ದದ್ದೂ ಬೆಲೆಯ ಮೇಲಲ್ಲ, ಹೋಟೆಲಿನ ಫೋನ್ ನಂಬರಿನ ಮೇಲೆ. ನಾನು ಬೆಲೆಯನ್ನೇ ಓದಿ ಹೇಳಿದೆ. ಅಂದಿನಿಂದ ನನಗೆ ಈ ಪ್ರಯಾಣವೇ ರುಚಿಸಲಿಲ್ಲ. ಪ್ರಾಣಿ ನೋಡಬೇಕೆಂದು ಹೊರಟದ್ದೇ ಅವರು, ಕರಡಿ ನೋಡದೆ ಊರಿಗೆ ಬರುವುದಿಲ್ಲ ಎಂದು ಬೀದಿಗೆಲ್ಲ ಹೇಳಿ ಬಂದವರು. ಅಗ್ಗದಲ್ಲಿ ಕರಡಿ ತೋರಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿದ್ದವನಿಗೆ ಈಗ ಇದೊಂದು ಬೇರೆ.

ನಿನ್ನೆ ಡೆನಾಲಿ ಕಾಡಿಗೆ ಹೋದೆವು. ಅಲ್ಲಿ ಎರಡು ಥರದ ಬಸ್ಸು. ಮಾತಾಡುತ್ತ ತೋರಿಸುವವರು ಇರುವುದಕ್ಕೆ ದುಡ್ಡು ಹೆಚ್ಚು. ಸುಮ್ಮನೆ ಓಡುವ ಹಸಿರು ಬಸ್ಸು ಅಗ್ಗ, ಕಾಡು ಅದೇ, ದಾರಿ ಅದೇ. ಅದೂ ಅರ್ಧ ದಾರಿ, ಮುಂದೆ ಬೆಟ್ಟ ಜಾರಿ ರಸ್ತೆಯನ್ನೇ ನುಂಗಿದೆ. ನಾವು ಹಸಿರು ಬಸ್ಸು ಹತ್ತಿದೆವು, ಬ್ರೆಡ್ಡು, ಕಡಲೆಕಾಯಿ ಬೆಣ್ಣೆ ಕಟ್ಟಿಕೊಂಡು. ಡ್ರೈವರ್ ಡೀನಾ ಎಂಬ ಗಟ್ಟಿ ಹೆಂಗಸು. ಮೊದಲೇ ಕಟ್ಟಳೆ ಹೇಳಿದಳು: "ನಾನು ರಸ್ತೆ ನೋಡ್ತೀನಿ, ಪ್ರಾಣಿ ನೋಡೋ ಕೆಲಸ ನಿಮ್ಮದು. ಕಂಡ ಕೂಡ್ಲೇ 'ನಿಲ್ಸಿ' ಅಂತ ಕೂಗಿ. ಬಸ್ಸಿನ ಮೂತಿ ಹನ್ನೆರಡು ಗಂಟೆ, ಬಾಲ ಆರು, ಬಲಗಡೆ ಮೂರು, ಎಡಗಡೆ ಒಂಬತ್ತು. ಎಷ್ಟು ಗಂಟೆ ಅಂತ ಹೇಳಿದ್ರೆ ಎಲ್ರೂ ಆ ಕಡೆ ನೋಡ್ತಾರೆ. ನಿಲ್ಸಿದ ಮೇಲೆ ಯಾರೂ ಉಸಿರೆತ್ತಬಾರದು." ನಾನು ಇದನ್ನು ದೊಡ್ಡಮ್ಮನಿಗೆ ಫ್ರೆಂಚಿನಲ್ಲಿ ಹೇಳಿದೆ. ಹೇಳಬಾರದಿತ್ತು. ಸ್ವಲ್ಪ ದೂರ ಹೋಗುತ್ತಲೇ "ನಿಲ್ಸಿ! ಮೂರು ಗಂಟೆ!" ಎಂದು ಕೂಗಿದರು. ಬಸ್ಸು ನಿಂತಿತು, ಎಂಜಿನ್ ಆರಿತು, ಎಲ್ಲರೂ ಬಲಕ್ಕೆ ಒರಗಿದರು. ಕಲ್ಲು. ದುಂಡಗೆ, ಕಪ್ಪಗೆ, ತನ್ನ ಪಾಡಿಗೆ ತಾನು ಕೂತ ಕಲ್ಲು. ಎಲ್ಲರೂ ನಕ್ಕರು, ನಗಲಿ. ಎರಡನೆಯ ಸಲವೂ ಕಲ್ಲೇ. ಆಗ ನಗು ಕಡಿಮೆಯಾಯಿತು. ಮುಂದಿನ ಸೀಟಿನಲ್ಲಿ ತೋಳುದ್ದದ ಕ್ಯಾಮರಾ ಹಿಡಿದ ವಾರೆನ್ ಎಂಬ ಮಿನೆಸೋಟದವನು, ಗಡ್ಡದವನು, ತಿರುಗಿ ನೋಡಿ, "ಅಜ್ಜಿ, ಮುಂದಿನ ಕಲ್ಲು ಎದ್ದು ನಡೆದ ಮೇಲೆ ಕೂಗಿ, ಆಯ್ತಾ?" ಎಂದ. ಅವನ ಹೆಂಡತಿ "ಸುಮ್ನಿರ್ರೀ" ಎಂದು ಅವನ ಮೊಣಕೈ ತಿವಿದಳು. ದೊಡ್ಡಮ್ಮ ನನ್ನನ್ನು "ಏನಂದ?" ಎಂದು ಕೇಳಿದರು. "ಅವನಿಗೂ ಕರಡಿ ಅನ್ನಿಸಿತಂತೆ" ಎಂದೆ. ಅಷ್ಟು ಇಂಗ್ಲಿಷ್ ಅವರಿಗೂ ಬರುತ್ತದೆ ಎಂಬುದು ಅವರ ತುಟಿ ನೋಡಿದರೆ ತಿಳಿಯುತ್ತಿತ್ತು.

ಆಮೇಲೆ ಬಸ್ಸಿನಲ್ಲಿ ಉಳಿದವರೆಲ್ಲ ಕೂಗಿದರು, ಹೊಂಬಣ್ಣದ ಗುಡ್ಡದಲ್ಲಿ ಹಿಮಸಾರಂಗ, ಬಂಡೆಯ ನೆತ್ತಿಯಲ್ಲಿ ಬಿಳಿ ಕುರಿ. ದೊಡ್ಡಮ್ಮ ಎಲ್ಲದಕ್ಕೂ ತಲೆಯಾಡಿಸಿದರು, ಎಲ್ಲೋ ನೋಡುತ್ತ. ನಾವು ಮರಳುವ ದಾರಿಯಲ್ಲಿ, ನದಿಯ ಮೇಲಿನ ತಿರುವಿನಲ್ಲಿ, ಮೂರನೆಯ ಸಲ ಕೂಗಿದರು: "ನಿಲ್ಸಿ! ಒಂಬತ್ತು ಗಂಟೆ!" ಬಸ್ಸಿನ ತುಂಬ ನರಳಾಟ. "ಅಯ್ಯೋ, ಮತ್ತೆ ಶುರು" ಎಂದರು ಯಾರೋ. ಡೀನಾ ಬಸ್ಸನ್ನು ನಿಧಾನ ಮಾಡಿ ಕನ್ನಡಿಯಲ್ಲಿ ನೋಡಿದಳು, ನಿಲ್ಲಿಸಲೋ ಬೇಡವೋ ಎಂಬಂತೆ. ನನಗೆ ಏನಾಯಿತೋ ತಿಳಿಯದು. ವಿಟಿಯರ್ ಸಿಟ್ಟು, ಸುರಂಗದ ಸಿಟ್ಟು, ಆ ಗಡ್ಡದವನ ಮೇಲಿನ ಸಿಟ್ಟು, ನಿನ್ನ ಮೇಲಿನ ಸಿಟ್ಟು, ಎಲ್ಲ ಒಟ್ಟಿಗೆ ನನ್ನನ್ನು ಎಬ್ಬಿಸಿ ನಿಲ್ಲಿಸಿತು. ಪಾದ್ರಿಗಳು ಕಲಿಸಿದ ಇಂಗ್ಲಿಷಿನಲ್ಲಿ, ಮ್ಯಾನೇಜರಿಗೆ ಅರ್ಜಿ ಓದುವ ದನಿಯಲ್ಲಿ, "ಮಾನ್ಯರೇ, ನಾನೂ ಕಂಡೆ. ಕರಡಿ. ಕಂದು ಬಣ್ಣದ್ದು. ದಯವಿಟ್ಟು ನಿಲ್ಲಿಸಬೇಕು" ಎಂದೆ. ಬಸ್ಸು ನಿಂತಿತು. ಎಂಜಿನ್ ಆರಿತು. ಇಳಿಜಾರಿನ ಪೊದೆಗಳ ನಡುವೆ ಒಂದು ಕಂದು ಬಂಡೆ ಕಂಡಿತು, ಅದನ್ನೇ ತೋರಿಸಿದೆ. ನೀನು ನಂಬುವುದಿಲ್ಲ, ಹಿಂದಿನ ಸೀಟಿನ ಹೆಂಗಸು ಪಿಸುದನಿಯಲ್ಲಿ "ಹೌದು, ತಲೆ ಆಡಿಸ್ತು!" ಎಂದಳು. ಇನ್ನೊಬ್ಬರಿಗೆ ಮರಿಯೂ ಕಂಡಿತು. ವಾರೆನ್ ಕ್ಯಾಮರಾ ಎತ್ತಿ ಬಹಳ ಹೊತ್ತು ನೋಡಿದ. ಅಷ್ಟುದ್ದದ ಗಾಜಿನಲ್ಲಿ ಬಂಡೆಯ ಮೇಲಿನ ಪಾಚಿಯೂ ಕಾಣುತ್ತದೆ. ಅವನು ಕ್ಯಾಮರಾ ಇಳಿಸಿ, ನನ್ನನ್ನು ನೋಡಿ, ಆಮೇಲೆ ದೊಡ್ಡಮ್ಮನನ್ನು ನೋಡಿ, "ಭಾರಿ ಗಾತ್ರದ್ದು. ಒಳ್ಳೇ ಕಣ್ಣು ಅಜ್ಜಿ ನಿಮ್ಮದು" ಎಂದ. ಅವನನ್ನು ನಾನಿನ್ನು ಬೈಯುವುದಿಲ್ಲ.

ದೊಡ್ಡಮ್ಮ ಕಿಟಕಿಗೆ ಹಣೆ ಒತ್ತಿ ಕೂತಿದ್ದರು, ಕಣ್ಣು ಮುಚ್ಚಿಕೊಂಡು. ನನ್ನ ಕಡೆ ತಿರುಗದೆಯೇ ಮೆಲ್ಲಗೆ ಹೇಳಿದರು: "ಸುಳ್ಳು ಹೇಳೋಕೂ ಬರಲ್ಲ ನಿಂಗೆ. ಅಲ್ಲಿ ಏನೂ ಇಲ್ಲ. ಮೊದಲೆರಡು ಸಲ ನಿಜವಾಗ್ಲೂ ಏನೋ ಕಪ್ಪಗಿತ್ತು ಅಂತ ಕೂಗಿದೆ. ಈ ಸಲ ಬೇಕು ಅಂತಾನೇ ಕೂಗಿದೆ. ಇವಳು ಎಂಜಿನ್ ಆರಿಸ್ತಾಳಲ್ಲ, ಆಗ ಕೇಳು ಗೇತಾನ್. ಸುಮ್ನೆ ಕೇಳು." ಕೇಳಿದೆ. ಮೊದಲು ಏನೂ ಇಲ್ಲ. ಆಮೇಲೆ ಕೆಳಗೆ ನದಿ, ಕಲ್ಲಿನ ಮೇಲೆ ಜಲ್ಲಿ ಸುರಿದ ಹಾಗೆ. ಗಾಳಿ ಪೊದೆಯೊಳಗೆ ನುಗ್ಗಿ ಹೊರಬರುವುದು. ಎಲ್ಲೋ ಒಂದು ನೆಲದ ಅಳಿಲು ಸಿಳ್ಳೆ ಹಾಕಿತು, ನಿಲ್ಲಿಸಿತು, ಮತ್ತೆ ಹಾಕಿತು. ಅಷ್ಟೂ ಜನ ಉಸಿರು ಹಿಡಿದು ನನ್ನ ಬಂಡೆಯನ್ನು ನೋಡುತ್ತಿದ್ದರು. ದೊಡ್ಡಮ್ಮ ಒಬ್ಬರೇ ಕಾಡು ನೋಡಿದರು.

ಬಸ್ಸು ಹೊರಟ ಮೇಲೆ, "ನಾದೀನ್ ನಿನ್ನ ಹತ್ರ ವರದಿ ಕೇಳಿದಾಳೆ ತಾನೆ? ನೀನು ಬೆಲೆ ಓದಿ ಹೇಳಿದ ದಿನವೇ ನಂಗೆ ಗೊತ್ತಾಯ್ತು, ನಿನ್ನ ದನಿ ಬದಲಾಯ್ತು" ಎಂದರು. ನಾನು ಬ್ರೆಡ್ಡು ಬಿಚ್ಚಿ ಕೊಟ್ಟೆ. ತಿಂದರು. ಮಿಕ್ಕಿದ್ದನ್ನು ಯೋಚಿಸಿ ಬರೆಯುತ್ತೇನೆ ಎಂದುಕೊಂಡಿದ್ದೆ, ಆದರೆ ಇಲ್ಲಿ ಯಂತ್ರ ನಿಂತಿದೆ, ಯಂತ್ರಕ್ಕೆ ಕಾಯುತ್ತ ಯಾರೋ ಬಾಗಿಲಲ್ಲಿ ಕೆಮ್ಮುತ್ತಿದ್ದಾರೆ, ಒಗೆಯಲು ಹಾಕಿದ ನನ್ನ ಉಣ್ಣೆಯ ಅಂಗಿ ಮಗುವಿನ ಅಂಗಿಯಷ್ಟಾಗಿದೆ. ಈ ನಾಡಿನಲ್ಲಿ ನನಗೆ ಯಾವುದೂ ಸರಿ ಹೋಗುವುದಿಲ್ಲ.

ಅಳಿಯಂದಿರಿಗೆ ನನ್ನ ಶುಭಾಶಯ ತಿಳಿಸು. ನಿನ್ನ ಅಮ್ಮನ ಸಮಾಧಿಯ ಹೂಗಿಡಕ್ಕೆ ನೀರು ಹಾಕು. ಸೊಂಟ ಜೋಪಾನ, ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಅಪ್ಪ,
ಗೇತಾನ್

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಇದನ್ನೆಲ್ಲ ದೊಡ್ಡಮ್ಮನಿಗೆ ಓದಿ ಹೇಳಿದೆ, ಬೆನ್ನ ಹಿಂದೆ ಕಳಿಸುವುದು ನನ್ನಿಂದಾಗಲಿಲ್ಲ. ಊರಿನಲ್ಲಿರುವ ತಮ್ಮ ಕಾರನ್ನು ಮಾರಿಬಿಡು ಎಂದು ಅವರೇ ಹೇಳಿದರು, ಕೀಲಿ ಈಗ ನನ್ನ ಜೇಬಿನಲ್ಲಿದೆ. ಮನೆ ಮಾತ್ರ ಸದ್ಯಕ್ಕೆ ಬಿಡುವುದಿಲ್ಲವಂತೆ, ಒಲೆಯಿಂದ ಹಾಸಿಗೆಯವರೆಗೆ ಅವರ ಕೈಗೆ ಎಲ್ಲ ಗೊತ್ತು. ಬಂದ ಕಾಗದ ಪತ್ರ ಓದಲು ನಾನು ದಿನಾ ಸಂಜೆ ಹೋಗುತ್ತೇನೆ, ಅವರು ಊಟ ಹಾಕುತ್ತಾರೆ, ಹಾಗೆಂದು ಮಾತಾಗಿದೆ. ಆಗದ ದಿನ ಬಂದರೆ ಅವರೇ ಕೂಗಿ ಹೇಳುತ್ತಾರಂತೆ. ಆದ್ದರಿಂದ ಆ ಕೋಣೆಗೆ ಸಹಿ ಹಾಕಬೇಡ. ಅಂಚೆಯವಳು ಬಂದಳು. ಬೀದಿಯಲ್ಲಿ ಯಾರಾದರೂ ಕೇಳಿದರೆ ಕರಡಿ ಕಂಡೆವು ಎನ್ನು. ಮೊದಲು ಕಂಡದ್ದು ದೊಡ್ಡಮ್ಮ, ಒಂಬತ್ತು ಗಂಟೆಯ ದಿಕ್ಕಿನಲ್ಲಿ.