ರಿಜಿಸ್ಟರಿನಲ್ಲಿ ವಿದಾದ್ ಆಂಟಿ

೧೫ ಡಿಸೆಂಬರ್ ೨೦೦೫, ಗುರುವಾರ. ಹ್ಯಾರಿಸ್ ಪಾರ್ಕ್.

ಯಾಕಾದ್ರೂ ಬಾಯಿ ಬಿಟ್ಟೆನೋ! ಭಾನುವಾರ ಬೀಚಲ್ಲಿ ಬಿಳಿಯರ ಗುಂಪು ಅರಬರನ್ನ ಅಟ್ಟಿಸಿ ಹೊಡೆದಾಗಿಂದ ಅರಬ್ ಸಂಘದಲ್ಲಿ ಹಲ್ಲೆಯ ದೂರು ಬರೆದುಕೊಳ್ತಿದ್ದೀವಿ; ಆಫೀಸಲ್ಲಿ ಇವತ್ತು ಫೋನ್ ಎತ್ತೋ ಸರದಿ ನನ್ನದು. ಹೆಸರು ಹೇಳದ ಗಂಡಸೊಬ್ಬ ಬಹಳ ಮರ್ಯಾದೆಯಿಂದ, "ದೂರು ಕೊಟ್ಟವರ ವಿಳಾಸ ಬರೆದಿಡ್ತೀರಾ?" ಅಂತ ಕೇಳಿದ. ಹಳೇ ಕಸ್ಟಮರ್ ಕೇರ್ ಅಭ್ಯಾಸ ನನಗೆ. "ಹೌದು ಸರ್, ಎಲ್ಲಾ ರಿಜಿಸ್ಟರಲ್ಲಿದೆ" ಅಂದುಬಿಟ್ಟೆ. ಥ್ಯಾಂಕ್ಸ್ ಹೇಳಿ ಇಟ್ಟ.

ಸಂಘ ನಡೆಸೋ ನುಹಾದ್ ಬೈಯಲಿಲ್ಲ. "ಸಬರ್ಬ್ ಹೆಸರು ಮಾತ್ರ ಬರಿ, ಮನೆ ವಿಳಾಸ ಬೇಡ ಅಂದಿದ್ದೆನಲ್ಲ, ಭಾಗೀರಥಿ" ಅಂತ ಎದ್ದು ಬಾಗಿಲ ಚಿಲಕ ಹಾಕಿದಳು.

ಟ್ರೇನಲ್ಲಿ ಯಾರೋ ಸ್ಕಾರ್ಫ್ ಕಿತ್ತೆಳೆದರು ಅಂತ ನಿನ್ನೆ ದೂರು ಕೊಡ್ತಾ ಅತ್ತ ವಿದಾದ್ ಆಂಟಿಯ ಹೆಸರು, ಮನೆ ನಂಬರು ನಾನೇ ಬರೆದಿದ್ದೆ. ಆ ಹಾಳೆ ಹರಿದು ಸಿಂಕಲ್ಲಿ ಸುಟ್ಟೆವು.

ರಿಜಿಸ್ಟರ್ ಮನೆಗೆ ತಂದಿದೀನಿ. ಸುಟ್ಟ ಹಾಳೆಯ ಕೆಳಗಿದ್ದ ಖಾಲಿ ಹಾಳೆಯನ್ನ ದೀಪಕ್ಕೆ ಹಿಡಿದರೆ ನನ್ನ ಪೆನ್ನು ಒತ್ತಿದ ಗುರುತಿದೆ. ಮನೆ ನಂಬರು ಓದಬಹುದು. ಅದರ ಕೆಳಗಿನ ಹಾಳೆಯಲ್ಲೂ.