ಮರ ಹತ್ತಿದ ಡ್ರೈವರ್

ಬ್ಯಾಟರಾಯನಪುರ
ಭಾನುವಾರ, ೧೬ ನವೆಂಬರ್ ೨೦೧೪

ಪ್ರೀತಿಯ ಕುಬ್ರಾ,

ನಿನ್ನ ಪತ್ರ ಬಂದ ಮೇಲೆ ದಸರೆಯೂ ಕಳೆಯಿತು, ದೀಪಾವಳಿಯೂ ಕಳೆಯಿತು. ಉತ್ತರಿಸದೆ ಕೂತದ್ದಕ್ಕೆ ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ. ನಿನ್ನ ಕಾಡಿನ ಆಸ್ಪತ್ರೆಗೆ ಫೋನು ಸಿಗದಿರುವುದೇ ಇವತ್ತು ಒಳ್ಳೆಯದಾಯಿತು. ಸಿಕ್ಕಿದ್ದರೆ ಬರೀ ಕೂಗಾಡುತ್ತಿದ್ದೆ.

ಹೋದ ವರ್ಷ ಬಂದು ಎರಡು ದಿನ ಉಳಿದು, ನಿನ್ನ ಕೈಯಡುಗೆ ಉಂಡು, ಕಥೆ ಕೇಳಿಕೊಂಡು ಹೋದರಲ್ಲ ಸಿನಿಮಾದವರು, ಅವರ ಚಿತ್ರ ಬಂದಿದೆ. ಕಾಡಿನಲ್ಲಿ ದುಡಿಯುವ ವೈದ್ಯರ ಸಾಹಸಗಾಥೆಯಂತೆ. ನಿನ್ನೆ ಅಮ್ಮನನ್ನು ಕರೆದುಕೊಂಡು ಯಲಹಂಕದ ಟಾಕೀಸಿಗೆ ಹೋಗಿದ್ದೆ. ಇಪ್ಪತ್ತು ವರ್ಷ ಮೀರಿ ಅಲ್ಲಿ ಡಾಕ್ಟರಾಗಿರುವ ನೀನು, ಚಿತ್ರದಲ್ಲಿ ನಾಯಕ ಡಾಕ್ಟರನ ಹಿಂದೆ ಬ್ಯಾಗು ಹಿಡಿದು ಓಡಾಡುವವಳು. ಜಲಪಾತದಡಿ ನಿನಗೊಂದು ಹಾಡೂ ಇದೆ. ನಗಬೇಡ.

ಸೇತುವೆ ನೋಡಬೇಕಿತ್ತು ನೀನು! ಖಳರು ಅದನ್ನು ಸ್ಫೋಟಿಸುತ್ತಾರೆ, ನಾಯಕನ ಜೀಪು ಉರಿಯ ನಡುವೆ ಹಾರಿ ದಾಟುತ್ತದೆ. ನಿಮ್ಮ ಹಳ್ಳಕ್ಕೆ ಸೇತುವೆ ಎಲ್ಲಿತ್ತು? ಮಂತ್ರಿಯೊಬ್ಬರು ಹಾರ ಹಾಕಿಸಿಕೊಂಡು ಇಟ್ಟುಹೋದ ಶಂಕುಸ್ಥಾಪನೆಯ ಕಲ್ಲಿತ್ತು. ಅದರ ಮೇಲೆ ನೀನು ಬಟ್ಟೆ ಒಣಹಾಕುತ್ತಿದ್ದೆ, ನಾನು ಮರೆತಿಲ್ಲ. ಸೇತುವೆ ಇಲ್ಲದ್ದಕ್ಕೇ ಅಲ್ಲವೇ ನನ್ನ ತಮ್ಮ ಮುನೇಶ ನಿನ್ನ ಆಸ್ಪತ್ರೆಯ ಜೀಪನ್ನು ಈಚೆ ದಡದಲ್ಲಿ ಬಿಟ್ಟು, ಹಾವು ಕಚ್ಚಿದ ಹೆಂಗಸಿಗೆಂದು ಔಷಧಿ ಪೆಟ್ಟಿಗೆ ಹೊತ್ತು ನಡೆದದ್ದು? ಆನೆಯ ಕಾಲಿಗೆ ಸಿಕ್ಕಿ ಸತ್ತದ್ದು?

ಚಿತ್ರದಲ್ಲಿ ಅವನೂ ಇದ್ದಾನೆ. ಹೆಸರಿಲ್ಲ, ಬರೀ ಡ್ರೈವರ್. ಅದೇ ಕೆಂಪು ಟವೆಲ್ಲು, ಅದೇ ಶಿಳ್ಳೆ. ನೀನೇ ಹೇಳಿರಬೇಕು, ಪ್ರೀತಿಯಿಂದಲೇ. ಅವರು ಅವನನ್ನು ಕುಡುಕನನ್ನಾಗಿ ಮಾಡಿದ್ದಾರೆ. ಆನೆ ಕಂಡೊಡನೆ ಪೆಟ್ಟಿಗೆ ಎಸೆದು, ಚಡ್ಡಿ ಹರಿದುಕೊಂಡು ಮರ ಹತ್ತುತ್ತಾನೆ. ಟಾಕೀಸಿಡೀ ನಗು. ಹಿಂದಿನ ಸಾಲಿನವನೊಬ್ಬ "ಮಗಾ, ಡ್ರೈವರ್ ಮಾತ್ರ ಸೂಪರ್ ಕಣೋ!" ಎಂದು ನನ್ನ ಸೀಟು ಗುದ್ದಿದ. ತಿರುಗಿ, "ಅವನು ಪೆಟ್ಟಿಗೆ ಬಿಡಲಿಲ್ಲ ಕಣಪ್ಪಾ" ಎಂದೆ.

"ಆಂಟಿ, ಮುಂದಿನ್ ಕಥೆ ಹೇಳ್ಬೇಡಿ, ನಾವಿನ್ನೂ ನೋಡಿಲ್ಲ!"

ಬಸ್ಸಿನಲ್ಲಿ ಅಮ್ಮ ಸಿನಿಮಾ ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಇದರೊಂದಿಗೆ ಸಿನಿಮಾದವರಿಗೆ ಬರೆದ ಪ್ರತಿಭಟನೆಯ ಪತ್ರ ಇಟ್ಟಿದ್ದೇನೆ, ಸಹಿ ಹಾಕಿ ಕಳಿಸು. ಆ ದೃಶ್ಯ ತೆಗೆಯಬೇಕು, ಇಲ್ಲವೇ ಪತ್ರಿಕೆಗೂ ಕೋರ್ಟಿಗೂ ಹೋಗುತ್ತೇನೆ. ಸತ್ತವನ ತೋಳಿನಿಂದ ಆ ಪೆಟ್ಟಿಗೆ ಬಿಡಿಸಿಕೊಂಡವಳು ನೀನು. ಅದರೊಳಗಿನ ಔಷಧಿಯಿಂದಲೇ ಆ ಹೆಂಗಸನ್ನು ಉಳಿಸಿದವಳೂ ನೀನು. ನಿನ್ನ ಸಹಿ ಇಲ್ಲದಿದ್ದರೆ ನನ್ನದು ಬರೀ ಅಕ್ಕನ ಅಳು ಎಂದುಬಿಡುತ್ತಾರೆ. ತಡಮಾಡಬೇಡ.

ಮಂಡಿ ನೋವಿಗೆ ಎಣ್ಣೆ ಹಚ್ಚಿಕೋ. ಎಲ್ಲರಿಗೂ ಪಥ್ಯ ಹೇಳಿ ನೀನು ಹಸಿದಿರಬೇಡ. ನಿನ್ನ ಕೈಯಲ್ಲಿ ಹುಟ್ಟಿದ ಮಕ್ಕಳೆಲ್ಲ ತಣ್ಣಗಿರಲಿ.

ನಿನ್ನ,
ಶಶಿರೇಖಾ

ಮತ್ತೆ, ಸೋಮವಾರ ಬೆಳಿಗ್ಗೆ: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯಬೇಕು. ಎದ್ದು ನೋಡಿದರೆ ಅಮ್ಮ ಒಳ್ಳೆ ಸೀರೆಯುಟ್ಟು ಬಾಗಿಲಲ್ಲಿ ಕೂತಿದ್ದಾಳೆ.

"ಎಲ್ಲಿಗಮ್ಮಾ?"

"ಅದೇ ಸಿನಿಮಾಕ್ಕೆ ಇನ್ನೊಂದ್ ಸಲ ಓಗಾನ ಕಣೇ."

"ಮುನೇಶನ್ನ ಹಂಗೆ ಅವಮಾನ ಮಾಡವ್ರೆ, ನಿಂಗೆ ಸಿಟ್ಟು ಬರಲ್ವಾ?"

"ಅವ್ನು ನಮ್ಮೋನಲ್ಲ ಅಂತ ನಂಗೊತ್ತಿಲ್ವೇನೇ? ಆದ್ರೂ ಮರ ಅತ್ತಿದ್ನಲ್ಲ. ಆನೆ ಓದ್ಮೇಲೆ ಕೆಳಗಿಳಿದ. ಟವೆಲ್ನಾಗೆ ಮೊಕ ಒರೆಸ್ಕೊಂಡು ಇಂಗೆ ನೋಡಿದ. ಮೊಕ ಕಾಣಿಸ್ತು ಕಣೇ."

ಕುಬ್ರಾ, ಮುನೇಶನ ಹೆಣವನ್ನು ಮನೆಗೆ ತಂದ ದಿನ, ಮುಖ ಅಮ್ಮ ನೋಡುವ ಹಾಗಿಲ್ಲ, ಬಟ್ಟೆ ಸರಿಸಬೇಡ ಎಂದು ನೀನು ನನ್ನ ಕೈ ಹಿಡಿದಿದ್ದೆ. ನೀನು ಮಾಡಿದ್ದು ಸರಿ. ಅಮ್ಮ ಅವನ ಪಾದವನ್ನಷ್ಟೇ ಮುಟ್ಟಿ ಕಳಿಸಿಕೊಟ್ಟಳು.

ಪ್ರತಿಭಟನೆಯ ಪತ್ರವನ್ನು ಲಕೋಟೆಯಿಂದ ಹೊರಗೆ ತೆಗೆದಿದ್ದೇನೆ. ಚಿತ್ರ ಗುರುವಾರದವರೆಗೆ ಇರುತ್ತದಂತೆ. ಅಲ್ಲಿಯವರೆಗೆ ಆ ದೃಶ್ಯ ಇರಲಿ.